ಕತ್ತಲೆಕೋಣೆಯೂ ಗಣಕಯಂತ್ರವೂ

ಒಂದು ಕೆಲಸದಲ್ಲಿ ಎರಡು ಕಾಲದ ಸಾಧನಗಳು ಕೂಡಿದಾಗ, ಅದರಿಂದ ಹುಟ್ಟಿದ ವಸ್ತುವನ್ನು ಯಾವ ಹೆಸರಿನಿಂದ ಕರೆಯಬೇಕು, ಅದಕ್ಕೆ ಎಷ್ಟು ಬೆಲೆ ಕಟ್ಟಬೇಕು ಎಂಬ ಪ್ರಶ್ನೆಯು ಹೊಸದಲ್ಲ. ಕೈಮಗ್ಗಕ್ಕೆ ಗಿರಣಿಯ ನೂಲು ಬಂದ ದಿನವೂ, ಓಲೆಗರಿಯ ಗ್ರಂಥವು ಅಚ್ಚಿನ ಮೊಳೆಗಳಿಗೆ ಇಳಿದ ದಿನವೂ ಈ ಪ್ರಶ್ನೆಯು ಎದ್ದಿರಲೇಬೇಕು. ಈಗ ಅದು ಛಾಯಾಚಿತ್ರಕಲೆಯಲ್ಲಿ ಎದ್ದಿದೆ. ಚಿತ್ರವನ್ನು ಗಣಕಯಂತ್ರದಲ್ಲಿ ತಿದ್ದಿ, ತಿದ್ದಿದ ಚಿತ್ರದಿಂದ ಹೊಸದೊಂದು ನೆಗೆಟಿವನ್ನು ಮಾಡಿ, ಅದನ್ನು ಹಿಂದಿನವರಂತೆಯೇ ಕತ್ತಲೆಕೋಣೆಯಲ್ಲಿ ಬೆಳ್ಳಿಯ ಲವಣ ಲೇಪಿಸಿದ ಕಾಗದದ ಮೇಲೆ ಮೂಡಿಸುವ ಕಲಾವಿದರು ಇಂದು ದೇಶವಿದೇಶಗಳಲ್ಲಿ ಇದ್ದಾರೆ. ಇವರ ಕೃತಿಯನ್ನು ಕೆಲವರು ಎರಡು ವಿದ್ಯೆಗಳ ಸಂಗಮವೆನ್ನುವರು. ಕೆಲವರು ಬೆರಕೆಯೆಂದು ಹಳಿಯುವರು. ಇದು ಕಸುಬಿನವರ ಒಳಜಗಳವೆಂದು ಗೃಹಸ್ಥರು ಸುಮ್ಮನಿರುವಂತಿಲ್ಲ. ಯಾರ ಮನೆಯ ಗೋಡೆಯ ಮೇಲೆ ತೀರಿಕೊಂಡ ಹಿರಿಯರ ಚಿತ್ರವೊಂದಾದರೂ ತೂಗುತ್ತಿರುವದೋ ಅವರೆಲ್ಲರಿಗೂ ಈ ವಿಚಾರವು ಸಂಬಂಧಿಸಿದ್ದಾಗಿದೆ.

ದೃಷ್ಟಾಂತಕ್ಕಾಗಿ ವಾಚಕರು ಶಿಗ್ಗಾವಿ ತಾಲೂಕಿನ ಹುಲಗೂರಿನಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಲಿ. ಆ ಮನೆಯ ಟ್ರಂಕಿನಲ್ಲಿ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟ ಗಾಜಿನ ನೆಗೆಟಿವೊಂದಿದೆ. ಎಂಬತ್ತು ವರ್ಷ ದಾಟಿದ ಮನೆಯ ಹಿರಿಯಳ ತಾಯಿಯ ಚಿತ್ರವದು. ಸ್ವಾತಂತ್ರ್ಯ ಬರುವದಕ್ಕೆ ಸ್ವಲ್ಪ ಮುಂಚೆ ಹುಬ್ಬಳ್ಳಿಗೆ ಹೋಗಿ ತೆಗೆಸಿದ್ದು. ಅದರಿಂದ ಆಗ ಮಾಡಿಸಿದ ಒಂದೇ ಪ್ರತಿಯು ಗೆದ್ದಲಿಗೆ ಆಹುತಿಯಾಗಿದೆ. ಗಾಜಿನ ಒಂದು ಮೂಲೆ ಸೀಳಿದೆ; ಮೇಲೆಲ್ಲ ಗೀರುಗಳು, ಧೂಳು. ಬೆಂಗಳೂರಿನಲ್ಲಿ ಛಾಯಾಚಿತ್ರದ ಕೆಲಸ ಕಲಿತ ಮೊಮ್ಮಗನು ಅದನ್ನು ಜೋಪಾನವಾಗಿ ಒಯ್ದು, ಸ್ಕ್ಯಾನ್ ಮಾಡಿ, ಗಣಕಯಂತ್ರದ ತೆರೆಯ ಮೇಲೆ ಗೀರುಗಳನ್ನೂ ಚುಕ್ಕೆಗಳನ್ನೂ ಒಂದೊಂದಾಗಿ ಅಳಿಸಿ, ಹೊಸ ನೆಗೆಟಿವು ಮಾಡಿ, ಕತ್ತಲೆಕೋಣೆಯಲ್ಲಿ ಒಳ್ಳೆಯ ಕಾಗದದ ಮೇಲೆ ಮೂಡಿಸಿ, ಕನ್ನಡಿ ಹಾಕಿಸಿ, ಹಬ್ಬಕ್ಕೆ ಊರಿಗೆ ತರುತ್ತಾನೆ. ಮುದುಕಿಯು ಬಹಳ ಹೊತ್ತು ನೋಡಿ ಕೇಳುತ್ತಾಳೆ:

"ತಮ್ಮಾ, ನಮ್ಮವ್ವ ಹೌದು. ಆದರ ಆಕಿ ಮಾರಿಮ್ಯಾಲಿನ ಮೈಲಿ ಕಲಿ ಎಲ್ಲಿ ಹೋದವು?"

ಹುಡುಗನು ತಡವರಿಸಿ, "ಗಾಜಿನ ಮ್ಯಾಲಿನ ಧೂಳ ತಗದೇನಮ್ಮಾ. ಅದರ ಕೂಡ ಅವೂ ಹೋಗಿರಬೇಕು" ಎನ್ನುತ್ತಾನೆ.

"ಧೂಳ ಗಾಜಿಂದು. ಕಲಿ ನಮ್ಮವ್ವಂದು" ಎಂದು ಆಕೆ ಸುಮ್ಮನಾಗುತ್ತಾಳೆ.

ಈ ಎರಡು ಸಣ್ಣ ವಾಕ್ಯಗಳಲ್ಲಿ ಇಡಿಯ ವಿವಾದದ ತಿರುಳು ಅಡಗಿದೆ. ಆದರೆ ಅದನ್ನು ಬಿಡಿಸಿ ನೋಡುವದಕ್ಕೆ ಮೊದಲು ಈ ಎರಡು ಕ್ರಮಗಳ ಸ್ವರೂಪವನ್ನು ತಿಳಿದುಕೊಳ್ಳುವದು ಅವಶ್ಯವಾಗಿದೆ.

ಹಳೆಯ ಕ್ರಮವು ಹೀಗೆ: ಬೆಳ್ಳಿಯ ಲವಣಗಳು ಬೆಳಕು ತಾಕಿದಲ್ಲಿ ಕಪ್ಪಾಗುವ ಗುಣವುಳ್ಳವು. ಆದ್ದರಿಂದ ಗಾಜಿನ ಮೇಲಾಗಲಿ ಫಿಲ್ಮಿನ ಮೇಲಾಗಲಿ ಮೊದಲು ಮೂಡುವ ಬಿಂಬವು ತಿರುವುಮುರುವಾದದ್ದು; ಬೆಳಕಿದ್ದಲ್ಲಿ ಕಪ್ಪು, ನೆರಳಿದ್ದಲ್ಲಿ ತಿಳಿ. ಇದೇ ನೆಗೆಟಿವು. ಕೆಂಪು ದೀಪದ ಮಂದಬೆಳಕಿನ ಕೋಣೆಯಲ್ಲಿ ಈ ನೆಗೆಟಿವಿನ ಮೂಲಕ ಕಾಗದದ ಮೇಲೆ ಬೆಳಕು ಬಿಟ್ಟು, ಆ ಕಾಗದವನ್ನು ಡೆವಲಪರಿನ ತಟ್ಟೆಯಲ್ಲಿ ಅದ್ದಿದರೆ, ಬಿಳಿಯ ಹಾಳೆಯೊಳಗಿಂದ ಮುಖವು ಮೆಲ್ಲಗೆ ಎದ್ದು ಬರುವದು. ಅನಂತರ ಹೈಪೋ ದ್ರಾವಣದಲ್ಲಿ ಅದನ್ನು ಸ್ಥಿರಗೊಳಿಸಬೇಕು. ಈ ದ್ರಾವಣವು ಬೆಳ್ಳಿಯ ಲವಣಗಳನ್ನು ಕರಗಿಸುವದೆಂದು ಜಾನ್ ಹರ್ಷೆಲ್ ಎಂಬ ಇಂಗ್ಲಿಷ್ ವಿಜ್ಞಾನಿಯು 1819ರಲ್ಲಿಯೇ ಕಂಡುಕೊಂಡಿದ್ದನು. 1839ರಲ್ಲಿ ಅದು ಛಾಯಾಚಿತ್ರಕ್ಕೆ ಉಪಯೋಗವಾಯಿತು. ಕಡೆಗೆ ಹರಿಯುವ ನೀರಿನಲ್ಲಿ ತೊಳೆದು ಒಣಗಿಸಬೇಕು. ಬೆಳಕು ಬಿಡುವ ಕೆಲವೇ ಸೆಕೆಂಡುಗಳಲ್ಲಿ ಮುದ್ರಕನು ತನ್ನ ಅಂಗೈಯಿಂದಲೋ, ತಂತಿಗೆ ಅಂಟಿಸಿದ ರಟ್ಟಿನ ಬಿಲ್ಲೆಯಿಂದಲೋ ಅಲ್ಲಲ್ಲಿ ಬೆಳಕನ್ನು ತಡೆದು ಒಂದು ಭಾಗವನ್ನು ತಿಳಿಯಾಗಿಸುವನು, ಇನ್ನೊಂದು ಭಾಗಕ್ಕೆ ಹೆಚ್ಚು ಬೆಳಕು ಕೊಟ್ಟು ಗಾಢವಾಗಿಸುವನು. ಕೈಯ ಈ ಚಲನೆಯು ಎರಡು ಸಲ ಒಂದೇ ತೆರನಾಗಿ ಆಗಲಾರದು. ಆದ್ದರಿಂದ ಒಂದೇ ನೆಗೆಟಿವಿನ ಎರಡು ಪ್ರತಿಗಳು ಅವಳಿಮಕ್ಕಳಂತೆ ಹೋಲುವವೇ ಹೊರತು ಒಂದೇ ಆಗಿರುವದಿಲ್ಲ.

ಹೊಸ ಕ್ರಮದಲ್ಲಿ ಬಿಂಬವು ಅಂಕೆಗಳ ರೂಪದಲ್ಲಿರುವದು. ಅದನ್ನು ತೆರೆಯ ಮೇಲೆ ನೋಡುತ್ತ ಎಷ್ಟು ಸಲ ಬೇಕಾದರೂ ತಿದ್ದಬಹುದು. ತಿದ್ದಿದ್ದು ಸೇರದಿದ್ದರೆ ಹಿಂದಕ್ಕೆ ಹೋಗಬಹುದು. ಎರಡನ್ನೂ ಕೂಡಿಸುವವನು ತೆರೆಯ ಮೇಲೆ ಸಿದ್ಧವಾದ ಚಿತ್ರವನ್ನು ತಿರುವುಮುರುವಾಗಿಸಿ, ಇಂಕ್‌ಜೆಟ್ ಪ್ರಿಂಟರಿನಿಂದ ಪಾರದರ್ಶಕ ಹಾಳೆಯ ಮೇಲೆ ಮಸಿಯಲ್ಲಿ ಮುದ್ರಿಸುವನು. ಇದೇ ಡಿಜಿಟಲ್ ನೆಗೆಟಿವು. ಪ್ರತಿಯು ಎಷ್ಟು ದೊಡ್ಡದಾಗಬೇಕೋ ನೆಗೆಟಿವೂ ಅಷ್ಟೇ ದೊಡ್ಡದು. ಯಾಕಂದರೆ ಅದನ್ನು ಕಾಗದದ ಮೇಲೆ ನೇರವಾಗಿ ಇಟ್ಟು, ಗಾಜಿನಿಂದ ಒತ್ತಿ, ಬೆಳಕಿಗೆ ಹಿಡಿಯುವರು. ಒಂದೊಂದು ಕಾಗದವೂ ಒಂದೊಂದು ಲೇಪವೂ ಬೆಳಕಿಗೆ ಬೇರೆ ಬೇರೆ ರೀತಿಯಾಗಿ ಓಗೊಡುವದರಿಂದ, ಕಪ್ಪಿನಿಂದ ಬಿಳುಪಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಪಟ್ಟಿಯೊಂದನ್ನು ಮೊದಲು ಮುದ್ರಿಸಿ, ಆ ಕಾಗದದ ಸ್ವಭಾವವನ್ನು ಅಳೆದು, ಅದಕ್ಕೆ ತಕ್ಕಂತೆ ನೆಗೆಟಿವನ್ನು ಸಿದ್ಧಪಡಿಸಬೇಕು. ಅಮೇರಿಕದ ಡಾನ್ ಬರ್ಖೋಲ್ಡರ್ ಎಂಬವರು 1995ರಲ್ಲಿ ಈ ವಿಷಯವಾಗಿ ಪುಸ್ತಕವನ್ನು ಬರೆದ ಮೇಲೆ ಈ ಮಾರ್ಗವು ಬಹು ಜನರಿಗೆ ತಿಳಿಯಿತು. ಇದರಿಂದಾಗಿ 1842ರಲ್ಲಿ ಹರ್ಷೆಲ್ಲನೇ ಕಂಡುಹಿಡಿದ, ಕಬ್ಬಿಣದ ಲವಣಗಳಿಂದ ನೀಲಿಯ ಬಿಂಬವನ್ನು ಕೊಡುವ ಸಯನೋಟೈಪು, 1873ರಲ್ಲಿ ವಿಲಿಯಂ ವಿಲ್ಲಿಸ್ ಪೇಟೆಂಟು ಪಡೆದ ಪ್ಲಾಟಿನಂ ಮುದ್ರಣ ಮೊದಲಾದ ಮರೆತುಹೋದ ವಿದ್ಯೆಗಳಿಗೂ ಮರುಜೀವ ಬಂದಿದೆ. ಸಯನೋಟೈಪಿಗಂತೂ ಕತ್ತಲೆಕೋಣೆಯೂ ಬೇಡ. ಮನೆಯ ಮಾಳಿಗೆಯ ಮೇಲಿನ ಬಿಸಿಲೂ ಬಾವಿಯ ನೀರೂ ಸಾಕು.

ಇನ್ನು ಪೂರ್ವಪಕ್ಷವನ್ನು ನೋಡುವ. ಹಳೆಯ ಮಾರ್ಗದ ಅಭಿಮಾನಿಗಳು ಮೂರು ಆಕ್ಷೇಪಗಳನ್ನು ತರುವರು. ಮೊದಲನೆಯದು, ಇದು ಸಂಕರವೆಂಬುದು. ಎರಡನೆಯದು, ಇದರಲ್ಲಿ ಶ್ರಮವಿಲ್ಲ, ಆದ್ದರಿಂದ ಪುರುಷಾರ್ಥವಿಲ್ಲವೆಂಬುದು. ಮೂರನೆಯದು, ಇದರಲ್ಲಿ ಸತ್ಯಕ್ಕೆ ಹಾನಿಯಿದೆಯೆಂಬುದು.

ಮೊದಲಿನ ಆಕ್ಷೇಪವು ಇತಿಹಾಸದ ಮುಂದೆ ನಿಲ್ಲಲಾರದು. ಈ ಕಲೆಯು ಎಂದೂ ಒಂದೇ ಮಾರ್ಗದಲ್ಲಿ ನಡೆದದ್ದಲ್ಲ. ಹಿಂದಿನ ಕಾಲದ ಲೇಪಗಳಿಗೆ ನೀಲಿಬಣ್ಣದ ಬೆಳಕು ಅತಿಯಾಗಿ ತಾಕುತ್ತಿದ್ದುದರಿಂದ, ನೆಲಕ್ಕೆ ಸರಿಯಾದ ಬೆಳಕು ಕೊಟ್ಟರೆ ಆಕಾಶವು ಬರಿದಾಗಿ ಬಿಳಿಯ ಗೋಡೆಯಂತೆ ಕಾಣುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬವನು 1856ರ ಸುಮಾರಿಗೆ ಸಮುದ್ರಕ್ಕೆ ಒಂದು, ಮೋಡಗಳಿಗೆ ಒಂದು ಹೀಗೆ ಎರಡು ನೆಗೆಟಿವುಗಳನ್ನು ಕೂಡಿಸಿ ಒಂದು ಚಿತ್ರ ಮಾಡಿದನು. 1857ರಲ್ಲಿ ಆಸ್ಕರ್ ರೈಲಾಂಡರ್ ಎಂಬವನು ಮೂವತ್ತಕ್ಕೂ ಹೆಚ್ಚು ನೆಗೆಟಿವುಗಳನ್ನು ಜೋಡಿಸಿ, ಬದುಕಿನ ಎರಡು ದಾರಿಗಳೆಂಬ ಒಂದೇ ದೊಡ್ಡ ಚಿತ್ರವನ್ನು ರಚಿಸಿದಾಗ ಇಂಗ್ಲಂಡಿನಲ್ಲಿ ಎದ್ದ ವಾದವು ಇಂದಿನ ವಾದಕ್ಕೆ ಅಕ್ಕತಂಗಿಯಂತಿದೆ. ಮುಂದಿನ ವರ್ಷ ಹೆನ್ರಿ ಪೀಚ್ ರಾಬಿನ್ಸನ್ನನು ಸಾಯುತ್ತಿರುವ ತರುಣಿಯ ಚಿತ್ರವನ್ನು ಐದು ನೆಗೆಟಿವುಗಳಿಂದ ಕೂಡಿಸಿದನು. ಆಗಲೂ ವಿವಾದವು ತಪ್ಪಲಿಲ್ಲ.

ಅಷ್ಟು ದೂರ ಹೋಗುವದೇಕೆ? ಧಾರವಾಡ ಸೀಮೆಯ ಗುಡಿಗಳ ಅತ್ಯಂತ ಹಳೆಯ ಛಾಯಾಚಿತ್ರಗಳನ್ನೇ ತೆಗೆದುಕೊಳ್ಳಬಹುದು. 1855ರಲ್ಲಿ ಮುಂಬಯಿ ಸರಕಾರವು ತೋಪಖಾನೆಯ ಅಧಿಕಾರಿಯಾದ ಥಾಮಸ್ ಬಿಗ್ಸ್ ಎಂಬವರನ್ನು ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಅವರು ಸೈನ್ಯಕ್ಕೆ ಮರಳಿದ ಮೇಲೆ ವೈದ್ಯರಾದ ಪಿಗೂ ಎಂಬವರು ಆ ಕೆಲಸವನ್ನು ಮುಂದುವರಿಸಿದರು. ಇವರಿಬ್ಬರೂ ಎ. ಸಿ. ಬಿ. ನೀಲ್ ಎಂಬವರೂ ತೆಗೆದ ಚಿತ್ರಗಳು, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಇವರ ಬರಹಗಳೊಡನೆ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವೆಂಬ ಗ್ರಂಥವಾಗಿ 1866ರಲ್ಲಿ ಲಂಡನ್ನಿನಿಂದ ಹೊರಬಂದವು. ಅದೇ ಕಾಲದಲ್ಲಿ, 1855–56ರಲ್ಲಿ, ಅಲೆಕ್ಸಾಂಡರ್ ಗ್ರೀನ್ಲಾ ಎಂಬ ಸೈನ್ಯಾಧಿಕಾರಿಯು ಹಂಪೆಯ ಹಾಳುಗಳನ್ನು ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವುಗಳಲ್ಲಿ ಹಿಡಿದನು. ಕಾಗದದ ನೆಗೆಟಿವಿನಲ್ಲಿ ಕಲ್ಲಿನ ಬಿಂಬದೊಡನೆ ಕಾಗದದ ನಾರೂ ಬೆರೆತೇ ಬರುವದು. ಆಕಾಶದ ಕಲೆಗಳು ಕಾಣದಂತೆ ನೆಗೆಟಿವಿನ ಆ ಭಾಗಕ್ಕೆ ಮಸಿ ಬಳಿಯುವದು ಆಗಿನ ರೂಢಿಯೇ ಆಗಿತ್ತು. ಕುಂಚವೂ ಮೇಣವೂ ಬೆಳ್ಳಿಯೂ ಕೂಡಿ ಆದ ಆ ಕೃತಿಗಳನ್ನು ಇಂದು ಯಾರೂ ಬೆರಕೆಯೆನ್ನುವದಿಲ್ಲ. ಇತಿಹಾಸದ ಸಾಕ್ಷಿಯೆಂದು ಕಣ್ಣಿಗೊತ್ತಿಕೊಳ್ಳುತ್ತಾರೆ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಎಂಬವರು ಗ್ರೀನ್ಲಾ ನಿಂತ ಸ್ಥಳಗಳನ್ನೇ ಹುಡುಕಿ ನಿಂತು ಹಂಪೆಯನ್ನು ಮತ್ತೆ ಚಿತ್ರಿಸಿದ್ದು ಈ ವಿಶ್ವಾಸದಿಂದಲೇ. ಆದ್ದರಿಂದ ಸಾಧನಗಳ ಕೂಟವು ತಾನಾಗಿ ದೋಷವಲ್ಲ. ಇಂದು ಮಾನ್ಯರಾದವರೂ ಈ ದಾರಿಯಲ್ಲಿ ನಡೆದಿದ್ದಾರೆ. ಬ್ರೆಜಿಲ್ ದೇಶದ ಸೆಬಾಸ್ಟಿಯಾವೊ ಸಾಲ್ಗಾಡೊ (1944–2025) ಅವರು 'ಜೆನೆಸಿಸ್' ಎಂಬ ತಮ್ಮ ದೊಡ್ಡ ಚಿತ್ರಮಾಲೆಯನ್ನು ಫಿಲ್ಮಿನಲ್ಲಿ ಆರಂಭಿಸಿ, 2008ರಿಂದ ಡಿಜಿಟಲ್ ಕ್ಯಾಮರಾಕ್ಕೆ ತಿರುಗಿದರು. ಹಾಗೆ ತೆಗೆದ ಚಿತ್ರಗಳಿಂದಲೂ ಫಿಲ್ಮಿನ ನೆಗೆಟಿವುಗಳನ್ನು ಮಾಡಿಸಿ ಬೆಳ್ಳಿಯ ಕಾಗದದ ಮೇಲೆ ಮುದ್ರಿಸಿದರು.

ಎರಡನೆಯ ಆಕ್ಷೇಪವು ಇನ್ನೂ ವಿಚಾರಾರ್ಹವಾದದ್ದು. ಕತ್ತಲೆಕೋಣೆಯಲ್ಲಿ ತಪ್ಪಿಗೆ ದಂಡವಿದೆ. ಒಂದು ಹಾಳೆ ಕೆಟ್ಟರೆ ಅದು ಕೆಟ್ಟಿತು. ಹಣವೂ ಹೊತ್ತೂ ಹೋದವು. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪಿತವಾಗಿ, 'ಇಂದು' ಎಂಬ ಹೆಸರಿನ ಫಿಲ್ಮು ಕಾಗದಗಳನ್ನು ದೇಶಕ್ಕೆಲ್ಲ ಒದಗಿಸುತ್ತಿದ್ದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರಖಾನೆಯು ಮುಚ್ಚಿದ ಮೇಲೆ, ಈ ಕಾಗದವು ಇಂಗ್ಲಂಡಿನ ಇಲ್ಫರ್ಡ್, ಜೆಕ್ ದೇಶದ ಫೋಮಾ ಮೊದಲಾದ ಪರದೇಶದ ಕಾರಖಾನೆಗಳಿಂದಲೇ ಬರಬೇಕು. ಅದರ ಬೆಲೆಯೂ ಕಡಿಮೆಯಲ್ಲ. ದಂಡವಿರುವಲ್ಲಿ ಎಚ್ಚರವಿರುವದು, ಎಚ್ಚರವಿರುವಲ್ಲಿ ಶ್ರದ್ಧೆಯಿರುವದು. ತೆರೆಯ ಮೇಲಾದರೋ ಪ್ರತಿಯೊಂದು ಹೆಜ್ಜೆಯನ್ನೂ ಹಿಂತೆಗೆದುಕೊಳ್ಳಬಹುದಾದ್ದರಿಂದ ಯಾವ ಹೆಜ್ಜೆಗೂ ಭಾರವಿಲ್ಲ. ಭಾರವಿಲ್ಲದ ಕರ್ಮಕ್ಕೆ ಫಲವಾದರೂ ಎಲ್ಲಿಯದು? ಎಂದು ಅವರು ಕೇಳುವರು.

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಹಿಂತೆಗೆದುಕೊಳ್ಳಲು ಬರುವದೆಂಬ ಸದರವು ಮನಸ್ಸನ್ನು ಚಂಚಲಗೊಳಿಸುವದು ಸುಳ್ಳಲ್ಲ. ಆದರೆ ಕೃತಿಯ ಯೋಗ್ಯತೆಯನ್ನು ಬೆವರಿನಿಂದ ಅಳೆಯುವದು ಸರಿಯಲ್ಲ. ಹಾಗಿದ್ದರೆ ಹರಿಯುವ ನೀರಿನ ದಂಡೆಯಲ್ಲಿದ್ದೂ ಬಾವಿ ಸೇದುವವನೇ ಹೆಚ್ಚಿನ ಪುಣ್ಯವಂತನಾಗಬೇಕಾಗಿತ್ತು. ಕಲೆಯಲ್ಲಿ ಬೆಲೆಯುಳ್ಳದ್ದು ವಿವೇಕ: ಯಾವುದನ್ನು ಬೆಳಗಿಸಬೇಕು, ಯಾವುದನ್ನು ನೆರಳಿಗೆ ಬಿಡಬೇಕು ಎಂಬ ನಿರ್ಣಯ. ಅಮೇರಿಕದ ಆನ್ಸೆಲ್ ಆಡಮ್ಸ್ (1902–1984) ಎಂಬವರು ಮೊದಲು ಪಿಯಾನೋ ಕಲಿತವರು. ನೆಗೆಟಿವನ್ನು ಸಂಗೀತದ ಸ್ವರಲಿಪಿಗೂ ಪ್ರತಿಯನ್ನು ಅದರ ವಾದನಕ್ಕೂ ಹೋಲಿಸುತ್ತಿದ್ದರು. 1941ರಲ್ಲಿ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರೋದಯವನ್ನು ಕಂಡು ತೆಗೆದ ಒಂದೇ ನೆಗೆಟಿವಿನಿಂದ ಅವರು ಮುಂದೆ ಹಲವು ದಶಕಗಳ ವರೆಗೆ ಪ್ರತಿಗಳನ್ನು ಮಾಡಿದರು. ವರ್ಷಗಳು ಕಳೆದಂತೆ ಅವರ ಆಕಾಶವು ಹೆಚ್ಚು ಹೆಚ್ಚು ಕಪ್ಪಾಗುತ್ತ ಹೋಯಿತು. ಲಿಪಿ ಒಂದೇ, ವಾದನ ಬೇರೆ. ಆ ವಿವೇಕವನ್ನು ಒಬ್ಬನು ಬಿಲ್ಲೆ ಹಿಡಿದ ಕೈಯಿಂದ ತೋರಿಸಿದರೆ ಇನ್ನೊಬ್ಬನು ತೆರೆಯ ಮೇಲೆ ತೋರಿಸುವನು. ಮೇಲಾಗಿ, ಕೂಡುಮಾರ್ಗದವನು ತೆರೆಯ ಮೇಲಿನ ನೂರು ವಿಕಲ್ಪಗಳಲ್ಲಿ ಅಲೆದರೂ, ಕಡೆಗೆ ಒಂದು ಹಾಳೆಯನ್ನು ಡೆವಲಪರಿನಲ್ಲಿ ಅದ್ದಲೇಬೇಕು. ಆ ಕ್ಷಣವನ್ನು ಹಿಂತೆಗೆಯಲು ಬರುವದಿಲ್ಲ. ವಿಕಲ್ಪವು ಸಂಕಲ್ಪದಲ್ಲಿ ಮುಗಿಯುವದು ಈ ಮಾರ್ಗದ ಒಂದು ಗುಣವೇ ಸರಿ. ಇನ್ನೊಂದು ಗುಣವೂ ಉಂಟು. ಸೀಳಿದ ಗಾಜನ್ನು ಮತ್ತೆ ಮತ್ತೆ ಒತ್ತಿ ಮುದ್ರಿಸಿದರೆ ಅದು ಒಡೆದೇ ಹೋದೀತು; ಒಮ್ಮೆ ಸ್ಕ್ಯಾನ್ ಮಾಡಿದ ಮೇಲೆ ಅದು ಟ್ರಂಕಿನಲ್ಲಿ ಸುಖವಾಗಿರಬಹುದು. ಅಂಕೆಗಳ ರೂಪದ ಚಿತ್ರವಾದರೂ ಯಂತ್ರವಿಲ್ಲದೆ ಕಾಣದು. ಡಿಸ್ಕು ಕೆಟ್ಟರೆ ಸದ್ದಿಲ್ಲದೆ ಹೋಗುವದು. ಬೆಳ್ಳಿಯ ಪ್ರತಿಯನ್ನು ನೋಡಲು ಕಣ್ಣೂ ಕಿಟಕಿಯ ಬೆಳಕೂ ಸಾಕು. ತಿದ್ದುವದಕ್ಕೆ ಒಂದು, ಉಳಿಸುವದಕ್ಕೆ ಒಂದು ಎಂದು ಎರಡನ್ನೂ ಕೂಡಿಸಿಕೊಂಡವನು ಅವಿವೇಕಿಯಲ್ಲ.

ಉಳಿದದ್ದು ಮೂರನೆಯ ಆಕ್ಷೇಪ, ಸತ್ಯದ ಪ್ರಶ್ನೆ. ಇಲ್ಲಿಯೇ ಹುಲಗೂರಿನ ಮುದುಕಿಯ ಮಾತು ಮತ್ತೆ ಎದುರು ಬಂದು ನಿಲ್ಲುವದು.

ಛಾಯಾಚಿತ್ರವನ್ನು ನೋಡಿದವರು ಸಾಮಾನ್ಯವಾಗಿ ಅದನ್ನು ಪ್ರತ್ಯಕ್ಷವೆಂದು ಭಾವಿಸುವರು. 'ಇಗೋ ನೋಡು, ಹೀಗಿದ್ದಳು' ಎನ್ನುವರು. ಕಲ್ಪನೆಯ ಚಿತ್ರಕ್ಕೆ ಇಲ್ಲದ ಈ ಅಧಿಕಾರವು ಛಾಯಾಚಿತ್ರಕ್ಕೆ ಬಂದದ್ದು, ಆ ಮುಖದಿಂದ ಹೊರಟ ಬೆಳಕೇ ಆ ಗಾಜನ್ನು ಮುಟ್ಟಿತೆಂಬ ಕಾರಣದಿಂದ. ಆದರೆ ಸೂಕ್ಷ್ಮವಾಗಿ ವಿಚಾರಿಸಿದರೆ ಗೋಡೆಯ ಮೇಲಿನ ಪ್ರತಿಯು ಪ್ರತ್ಯಕ್ಷವಲ್ಲ. ನೈಯಾಯಿಕರು ಹೇಳುವ ನಾಲ್ಕು ಪ್ರಮಾಣಗಳಲ್ಲಿ ಅದು ಶಬ್ದಪ್ರಮಾಣಕ್ಕೆ ಸಮೀಪವಾದದ್ದು. ಮುಖಕ್ಕೂ ನೋಡುವವನಿಗೂ ನಡುವೆ ಒಬ್ಬ ಹೇಳುವವನಿದ್ದಾನೆ. ಮಸೂರವನ್ನು ತಿರುಗಿಸಿದವನು ಅವನು, ಬೆಳಕನ್ನು ತಡೆದವನು ಅವನು, ಯಾವ ಚುಕ್ಕೆ ಉಳಿಯಬೇಕು ಯಾವುದು ಅಳಿಯಬೇಕು ಎಂದು ಗೊತ್ತುಮಾಡಿದವನೂ ಅವನೇ. ಶಬ್ದವು ಪ್ರಮಾಣವಾಗುವದು ಆಡಿದವನು ಆಪ್ತನಾಗಿದ್ದರೆ ಮಾತ್ರ; ಆಪ್ತನೆಂದರೆ ವಸ್ತುವನ್ನು ಇದ್ದಂತೆ ಅರಿತವನು, ಅರಿತಂತೆ ಹೇಳಬೇಕೆಂಬ ಇಚ್ಛೆಯುಳ್ಳವನು. ಹೀಗೆ ನೋಡಿದಾಗ ಪ್ರಶ್ನೆಯ ಸ್ಥಾನವೇ ಬದಲಾಗುವದು. 'ಇದನ್ನು ಯಾವ ಯಂತ್ರದಿಂದ ಮಾಡಿದೆ?' ಎಂಬುದು ಮುಖ್ಯವಲ್ಲ. 'ಇದನ್ನು ಮಾಡಿದವನು ಆಪ್ತನೋ ಅಲ್ಲವೋ?' ಎಂಬುದು ಮುಖ್ಯ. ಆಪ್ತತ್ವವು ಮನುಷ್ಯನ ಗುಣ. ಅದು ಬೆಳ್ಳಿಯಲ್ಲಿಯೂ ಇಲ್ಲ, ಅಂಕೆಗಳಲ್ಲಿಯೂ ಇಲ್ಲ.

ಹಳೆಯ ಸ್ಟುಡಿಯೋಗಳ ಪದ್ಧತಿಯನ್ನು ಬಲ್ಲವರು ಇದನ್ನು ಒಡನೆಯೇ ಒಪ್ಪುವರು. ಆ ಕಾಲದಲ್ಲಿಯೂ ನೆಗೆಟಿವಿನ ಲೇಪದ ಮೇಲೆ ಚೂಪಾದ ಸೀಸದ ಕಡ್ಡಿಯಿಂದ ನಯವಾಗಿ ಗೆರೆಗಳನ್ನೆಳೆದು ಮುಖವನ್ನು ತಿದ್ದುವ ನಿಪುಣರಿದ್ದರು. ಮುಖದ ಕುಳಿಯ ನೆರಳು ನೆಗೆಟಿವಿನಲ್ಲಿ ತಿಳಿಯಾಗಿರುವದು. ಅಲ್ಲಿ ಸೀಸ ತುಂಬಿದರೆ ಬೆಳಕು ಅಷ್ಟಕ್ಕೆ ತಡೆಯುವದರಿಂದ ಪ್ರತಿಯಲ್ಲಿ ಕುಳಿಯು ಮಾಯವಾಗುವದು. ಸುಕ್ಕುಗಳೂ ಕಲೆಗಳೂ ಹೀಗೆ ಅಳಿದುಹೋದ ಮುಖಗಳು ಎಷ್ಟು ಮನೆಗಳ ಗೋಡೆಗಳ ಮೇಲೆ ಇಂದಿಗೂ ಇವೆಯೋ! ಆಗ ಗಣಕಯಂತ್ರವಿರಲಿಲ್ಲ, ಸುಳ್ಳು ಮಾತ್ರ ಇತ್ತು. ಆದ್ದರಿಂದ ಬೆಳ್ಳಿಯ ಕಾಗದವು ಸತ್ಯವಾಚಿ, ಗಣಕಯಂತ್ರವು ಅಸತ್ಯವಾಚಿ ಎಂಬ ವಿಭಾಗವು ನಿರಾಧಾರವಾದದ್ದು.

ಹಾಗಾದರೆ ಮೊಮ್ಮಗನ ತಪ್ಪು ಯಾವುದು? ಗಾಜಿಗೆ ಬಂದ ದೋಷವನ್ನೂ ಮುಖದಲ್ಲಿದ್ದ ಗುರುತನ್ನೂ ಅವನು ಒಂದೇ ಎಂದು ಬಗೆದನು. ಧೂಳು ಬಿಂಬಕ್ಕೆ ಅಡ್ಡಬಂದದ್ದು. ಕಲೆಯು ಬಿಂಬದ್ದೇ ಆದದ್ದು. ಒಂದನ್ನು ತೆಗೆಯುವದು ಸಾಕ್ಷಿಯ ಬಾಯಿಗೆ ಕಟ್ಟಿದ ಬಟ್ಟೆಯನ್ನು ಬಿಚ್ಚಿದಂತೆ. ಇನ್ನೊಂದನ್ನು ತೆಗೆಯುವದು ಸಾಕ್ಷಿಗೆ ಮಾತು ಕಲಿಸಿದಂತೆ. ಆ ಕಲೆಗಳಾದರೂ ಸಾಮಾನ್ಯವಾದವೇ? ಹಿಂದೆ ಮೈಲಿಬೇನೆಯು ಹಳ್ಳಿಹಳ್ಳಿಗಳನ್ನು ಕಾಡಿದ ಪೀಡೆ. ಬದುಕಿ ಉಳಿದವರ ಮುಖಗಳ ಮೇಲೆ ಅದು ತನ್ನ ಬರಹವನ್ನು ಬಿಟ್ಟು ಹೋಗುತ್ತಿತ್ತು. ಭಾರತದಲ್ಲಿ ಅದು 1975ರಲ್ಲಿ ಕೊನೆಗಂಡಿತು. 1980ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು. ಇನ್ನು ಮುಂದೆ ಹುಟ್ಟುವ ಮಕ್ಕಳು ಅಂಥ ಮುಖವನ್ನು ಎದುರಿಗೆ ಕಾಣುವದು ಅಪರೂಪವೇ. ಕಂಡರೆ ಹೆಚ್ಚಾಗಿ ಹಳೆಯ ಚಿತ್ರಗಳಲ್ಲಿಯೇ ಕಾಣಬೇಕು. ಸತ್ತು ಬದುಕಿದ ಹೆಣ್ಣುಮಗಳೊಬ್ಬಳ ಗೆಲವನ್ನು ಅಂದಗಾಣಿಸುವ ನೆವದಿಂದ ಅಳಿಸಿಬಿಟ್ಟಂತಾಯಿತು. ಅದಕ್ಕಿಂತಲೂ ಹೆಚ್ಚಿನದೆಂದರೆ, ಆ ಮುಖವನ್ನು ಬಲ್ಲ ಒಬ್ಬಳೇ ಒಬ್ಬಳು ಮನೆಯಲ್ಲಿ ಜೀವಂತಳಿದ್ದಾಗ ಅವಳನ್ನು ಕೇಳದೆ ಅಳಿಸಿದ್ದು.

ಈ ವಿಷಯದಲ್ಲಿ ಗ್ರಂಥಸಂಪಾದನೆಯ ಸಂಪ್ರದಾಯವು ಒಳ್ಳೆಯ ದಾರಿಯನ್ನು ತೋರಿಸುವದು. ಓಲೆಗರಿಯನ್ನು ಪ್ರತಿಮಾಡುವ ಪ್ರಾಮಾಣಿಕ ಲಿಪಿಕಾರನು ಹುಳು ತಿಂದ ಅಕ್ಷರಗಳ ಜಾಗವನ್ನು ಬರಿದಾಗಿ ಬಿಡುತ್ತಿದ್ದನು. ತನಗೆ ತೋಚಿದ್ದನ್ನು ತುಂಬಿ ಮೂಲವೆಂದು ಹೇಳುತ್ತಿರಲಿಲ್ಲ. ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು 1919ರಲ್ಲಿ ಆರಂಭಿಸಿ 1966ರಲ್ಲಿ ಮುಗಿಸಿದ ಮಹಾಭಾರತದ ಪರಿಷ್ಕರಣದಲ್ಲಿ, ಸಂಪಾದಕರಿಗೆ ನಿಶ್ಚಯವಿಲ್ಲದ ಪಾಠಗಳ ಕೆಳಗೆ ಅಲೆಯಂಥ ಗೆರೆಯನ್ನು ಎಳೆದಿದ್ದಾರೆ. ಬಿಟ್ಟ ಪಾಠಗಳನ್ನು ಪುಟದ ಅಡಿಯಲ್ಲಿ ಕೊಟ್ಟಿದ್ದಾರೆ. ಅಲ್ಲಿ ತಿದ್ದಿಲ್ಲವೆಂದಲ್ಲ, ಸಾವಿರಕ್ಕೂ ಮಿಕ್ಕಿದ ಹಸ್ತಪ್ರತಿಗಳನ್ನು ಪರಿಶೀಲಿಸಿ ಬಹಳವಾಗಿಯೇ ತಿದ್ದಿದ್ದಾರೆ. ಆದರೆ ತಿದ್ದಿದ್ದನ್ನು ಮುಚ್ಚಿಟ್ಟಿಲ್ಲ. ಓದುವವನು ಬೇಕಾದರೆ ಅವರ ನಿರ್ಣಯವನ್ನು ಒಪ್ಪದೆಯೂ ಇರಬಹುದು. ಆ ಸ್ವಾತಂತ್ರ್ಯವನ್ನು ಅವರು ಅವನಿಂದ ಕಸಿದುಕೊಂಡಿಲ್ಲ. ಆ ಅಲೆಗೆರೆಯೇ ಆಪ್ತತ್ವದ ಚಿಹ್ನೆ. ಛಾಯಾಚಿತ್ರದ ಮುದ್ರಕನಿಗೂ ಅಂಥ ಅಲೆಗೆರೆಯೊಂದು ಬೇಕಾಗಿದೆ. ತಿದ್ದದ ಸ್ಕ್ಯಾನನ್ನು ಬೇರೆಯಾಗಿ ಕಾದಿಡುವದು, ಪ್ರತಿಯ ಬೆನ್ನಿಗೆ 'ಗಾಜಿನ ನೆಗೆಟಿವಿನಿಂದ. ಗೀರುಗಳನ್ನು ಗಣಕಯಂತ್ರದಲ್ಲಿ ತೆಗೆದಿದೆ. ಡಿಜಿಟಲ್ ನೆಗೆಟಿವಿನ ಮೂಲಕ ಬೆಳ್ಳಿಯ ಕಾಗದದ ಮೇಲೆ ಮುದ್ರಿಸಿದೆ' ಎಂದು ಎರಡು ಸಾಲು ಬರೆಯುವದು, ಇಷ್ಟು ಸಾಕು. ಇದಕ್ಕೆ ತಗಲುವ ವೆಚ್ಚವು ಒಂದು ಪೆನ್ಸಿಲು.

ಶುದ್ಧ ಕಲೆಯಲ್ಲಿ ಈ ಕಟ್ಟುಪಾಡು ಅಷ್ಟು ಬಿಗಿಯಾಗಬೇಕಾಗಿಲ್ಲವೆಂದು ಯಾರಾದರೂ ಹೇಳಬಹುದು. ಅದು ನಿಜವೂ ಹೌದು. ಚಿತ್ರದಲ್ಲಿಯ ಕುದುರೆಯನ್ನು ಕಂಡವನು ಅದನ್ನು ನಿಜವಾದ ಕುದುರೆಯೆಂದೂ ತಿಳಿಯುವದಿಲ್ಲ, ಸುಳ್ಳೆಂದೂ ತಳ್ಳಿಬಿಡುವದಿಲ್ಲ. ಆ ಜ್ಞಾನವೇ ಬೇರೆ ಬಗೆಯದೆಂದು ಅಲಂಕಾರಶಾಸ್ತ್ರಜ್ಞನಾದ ಶಂಕುಕನು ಹೇಳಿದ ಮಾತು ಪ್ರಸಿದ್ಧವಾಗಿದೆ. ರೈಲಾಂಡರನ ಚಿತ್ರವನ್ನು ಸಾಕ್ಷಿಯೆಂದು ಯಾರೂ ನಂಬುವದಿಲ್ಲವಾದ್ದರಿಂದ ಅದರಲ್ಲಿ ವಂಚನೆಯೂ ಇಲ್ಲ. ಆದರೆ ಕಲೆಯು ಮಾರಾಟಕ್ಕೆ ಬಂದ ಕೂಡಲೆ ಬೇರೊಂದು ಧರ್ಮವು ಹುಟ್ಟುವದು. ಆಕಳ ಹಾಲಿಗೆ ಎಮ್ಮೆಯ ಹಾಲನ್ನು ಬೆರೆಸುವದು ಪಾಪವಲ್ಲ; ಬೆರೆಸಿದ್ದನ್ನು ಆಕಳ ಹಾಲೆಂದು ಮಾರುವದು ಪಾಪ. ಡಿಜಿಟಲ್ ನೆಗೆಟಿವಿನಿಂದಾದ ಪ್ರತಿಯನ್ನು ಬರಿಯ 'ಬೆಳ್ಳಿಯ ಪ್ರಿಂಟು' ಎಂದು ಹೇಳಿ, ಕೊಳ್ಳುವವನು ಎಲ್ಲವೂ ಹಳೆಯ ಕ್ರಮದಿಂದಲೇ ಆದದ್ದೆಂದು ತಿಳಿಯುವಂತೆ ಸುಮ್ಮನಿರುವದು ನಾಲಗೆಯ ಸುಳ್ಳಲ್ಲದಿದ್ದರೂ ಮೌನದ ಸುಳ್ಳು. ಹಾಗೆಯೇ 'ಇಪ್ಪತ್ತೈದೇ ಪ್ರತಿಗಳು' ಎಂದು ಸಂಖ್ಯೆ ಹಾಕುವ ಪದ್ಧತಿಯುಂಟು. ತಾಮ್ರದ ತಗಡಿನ ಮುದ್ರಣದಲ್ಲಿ ತಗಡು ಸವೆಯುವದೇ ಸಂಖ್ಯೆಗೆ ಮಿತಿಯಾಗಿತ್ತು. ಅಂಕೆಗಳ ಚಿತ್ರಕ್ಕೆ ಸವಕಳಿಯಿಲ್ಲ. ಅಲ್ಲಿ ಮಿತಿಯೆಂಬುದು ಕಲಾವಿದನ ವಚನವೊಂದೇ. ಸಾಧನವು ಬಲವಾದಷ್ಟೂ ವಚನದ ಮೇಲಿನ ಭಾರವು ಹೆಚ್ಚುವದು. ಹೊಸ ಯಂತ್ರವು ಮನುಷ್ಯನ ಶ್ರಮವನ್ನು ಇಳಿಸಿರಬಹುದು. ಅವನ ಪ್ರಾಮಾಣಿಕತೆಯ ಹೊರೆಯನ್ನು ಮಾತ್ರ ಏರಿಸಿದೆ.

ಎರಡು ಮಾರ್ಗಗಳು ಕೂಡುವದನ್ನು ಕುರಿತು ಹುಲಗೂರಿನ ಪರಿಸರಕ್ಕೆ ಹೊರಗಿನವರು ಪಾಠ ಹೇಳಬೇಕಾಗಿಲ್ಲ. ಇಲ್ಲಿಯ ಖಾದರಷಾ ವಲಿಯ ಭಕ್ತರಾದ ದಂಪತಿಗಳಿಗೆ ಆತನ ಹರಕೆಯಿಂದ ಶಿಶುನಾಳ ಶರೀಫರು (1819–1889) ಹುಟ್ಟಿದರೆಂದು ಜನರು ಇಂದಿಗೂ ಹೇಳುತ್ತಾರೆ. ಆ ಶರೀಫರು ಕಳಸದ ಗೋವಿಂದ ಭಟ್ಟರ ಶಿಷ್ಯರಾದರು. ಅದು ಗುಟ್ಟಾಗಿ ನಡೆದ ಕೂಟವಲ್ಲ. ಶಿಷ್ಯನು ತನ್ನ ಹೆಸರನ್ನು ಬದಲಿಸಲಿಲ್ಲ, ಗುರುವು ತನ್ನ ಜಾತಿಯನ್ನು ಮರೆಮಾಡಲಿಲ್ಲ. ಇಬ್ಬರೂ ಊರ ಕಣ್ಣೆದುರಿಗೇ ಕೂಡಿ ನಡೆದರು. ಕೂಡಿದ್ದಕ್ಕಾಗಿ ನಿಂದೆ ಬಂದರೂ ಅದನ್ನು ಹೊತ್ತುಕೊಂಡರು. ಸಾಮರಸ್ಯಕ್ಕೂ ಬೆರಕೆಗೂ ಇರುವ ಭೇದವು ಇದೇ. ಸಾಮರಸ್ಯದಲ್ಲಿ ಎರಡೂ ತಮ್ಮ ತಮ್ಮ ಹೆಸರಿನಿಂದ ಇರುವವು. ಬೆರಕೆಯಲ್ಲಿ ಒಂದು ಇನ್ನೊಂದರ ಹೆಸರಿನ ಮರೆಯಲ್ಲಿ ಅಡಗುವದು.

ದೃಷ್ಟಾಂತದ ಮನೆಗೆ ಮರಳಿದರೆ, ಮೊಮ್ಮಗನು ಬೆಂಗಳೂರಿಗೆ ಹೋಗಿ ಮತ್ತೆ ಕೆಲಸಕ್ಕೆ ಕುಳಿತನೆಂದು ತಿಳಿಯೋಣ. ಈ ಸಲ ಅವನು ಗಾಜನ್ನು ಭೂತಗನ್ನಡಿಯಿಂದ ಪರೀಕ್ಷಿಸುವನು. ಗಾಜಿನ ಮೇಲೆ ಕುಳಿತ ಧೂಳು ಬೆಳಕನ್ನು ತಡೆಯುವದರಿಂದ ಪ್ರತಿಯಲ್ಲಿ ಬಿಳಿಯ ಚುಕ್ಕೆಯಾಗುವದು, ಅದರಲ್ಲಿ ಸಂದೇಹವಿಲ್ಲ. ಸಂದೇಹವೆಲ್ಲ ಕರಿಯ ಚುಕ್ಕೆಗಳಲ್ಲಿ; ಯಾಕಂದರೆ ಲೇಪವು ಕಿತ್ತುಹೋದಲ್ಲಿಯೂ ಕಪ್ಪೇ, ಮೈಲಿಯ ಕುಳಿಯ ನೆರಳೂ ಕಪ್ಪೇ. ಲೇಪ ಹೋದದ್ದರ ಅಂಚು ಕತ್ತರಿಸಿದಂತೆ ಚೂಪಾಗಿರುವದು. ಮುಖದ ನೆರಳಿನ ಅಂಚು ಮೆತ್ತಗೆ ಕರಗಿರುವದು. ಹೀಗೆ ಒಂದೊಂದನ್ನೇ ಆರಿಸಿ, ಹೊಸ ಪ್ರತಿ ಮಾಡಿ, ಬೆನ್ನಿಗೆ ಎರಡು ಸಾಲು ಬರೆದು ತರುವನು. ಎಡಗೆನ್ನೆಯ ಮೇಲಿನ ಒಂದು ಚುಕ್ಕೆ ಮಾತ್ರ ಯಾವುದೆಂದು ಅವನಿಗೆ ತಿಳಿಯಲಿಲ್ಲ. ಅದನ್ನು ಹಾಗೆಯೇ ಬಿಟ್ಟಿರುವನು.

ಮುದುಕಿಯು ಚಿತ್ರವನ್ನು ಬಾಗಿಲಿನ ಬೆಳಕಿಗೆ ಹಿಡಿದು, ಮುಖದ ಮೇಲೆಲ್ಲ ಬೆರಳಾಡಿಸಿ, ಆ ಚುಕ್ಕೆಯ ಹತ್ತಿರ ನಿಲ್ಲಿಸಿ, "ಇದು ನನಗೂ ನೆಪ್ಪಿಲ್ಲ ತಮ್ಮಾ. ಇರ್ಲಿ ಬಿಡು" ಎನ್ನುತ್ತಾಳೆ. ಬಲ್ಲದ್ದನ್ನು ಬಲ್ಲಂತೆ ತೋರಿಸಿ, ಅರಿಯದ್ದನ್ನು ಅರಿಯದೆಂದು ಬಿಟ್ಟುಕೊಟ್ಟ ಆ ಪ್ರತಿಯು, ಎಷ್ಟು ಯಂತ್ರಗಳನ್ನು ಹಾದು ಬಂದಿದ್ದರೂ, ಆ ಮನೆಗೆ ಸಾಚಾ ಚಿತ್ರವೇ ಸರಿ.